ಅಳ್ಳೆದೆಯ ಬಿಲ್ಲೆಗಳು ಯಾರ ಕೈಗೆ?

ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಇತಿಹಾಸ ವಿಭಾಗದ ಕೊಠಡಿಯಲ್ಲಿ ಕೂತು ಯುದ್ಧದ ಬೋರ್ಡ್ ಆಟ ಆಡುವವರು ಹತ್ತು ಮಂದಿಯೂ ಇಲ್ಲ. ಇರುವ ನಮ್ಮಲ್ಲೂ ಒಂದು ಕೆಟ್ಟ ರೂಢಿ ಬೆಳೆದುಬಿಟ್ಟಿದೆ. ಪಳಗಿದ ಸೈನ್ಯವನ್ನು ಸೀನಿಯರ್‌ಗಳು ಇಟ್ಟುಕೊಳ್ಳುತ್ತೇವೆ, ಹೊಸದಾಗಿ ಬಂದ ಪ್ರಥಮ ಪಿಯುಸಿಯವರ ಕೈಗೆ ತರಬೇತಿಯಿಲ್ಲದ ಪಡೆಯನ್ನು ಕೊಡುತ್ತೇವೆ. ಅವರು ಎರಡು ವಾರ ಸೋತು, ಮೂರನೇ ವಾರ ಕೇರಂ ಬೋರ್ಡಿನ ಕಡೆ ಹೋಗುತ್ತಾರೆ. ಇದು ತಲೆಕೆಳಗಾಗಬೇಕು ಎಂಬುದು ನನ್ನ ವಾದ. ದುರ್ಬಲ ಪಡೆಯನ್ನು ಆಡಿಸುವುದೇ ಕಷ್ಟದ ಕೆಲಸ. ಅದು ಅನುಭವಸ್ಥರ ಪಾಲಿಗೆ ಬರಬೇಕು.

ಆಟ ನೋಡದವರಿಗೆ ಎರಡು ಮಾತು. ನಕ್ಷೆಯ ಮೇಲೆ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಅವುಗಳ ಮೇಲೆ ರಟ್ಟಿನ ಬಿಲ್ಲೆಗಳು. ಒಂದೊಂದು ಬಿಲ್ಲೆ ಒಂದೊಂದು ತುಕಡಿ. ಬಿಲ್ಲೆಯ ಮೇಲೆ ಬಲದ ಅಂಕವಿರುತ್ತದೆ, ಹಲವು ಆಟಗಳಲ್ಲಿ ಧೈರ್ಯದ ಅಂಕವೂ ಇರುತ್ತದೆ. ಪೆಟ್ಟು ಬಿದ್ದಾಗ ದಾಳ ಹಾಕಿ ಆ ತುಕಡಿ ನಿಂತಿತೋ ಓಡಿತೋ ನೋಡಬೇಕು. ತರಬೇತಿ ಇಲ್ಲದವರ ಅಂಕ ಕಡಿಮೆ, ಹಾಗಾಗಿ ಬೇಗ ಓಡುತ್ತಾರೆ. ಓಡಿದಾಗ ನಾವೆಲ್ಲ ನಗುತ್ತೇವೆ. ನನ್ನ ಪ್ರಕಾರ ನಗಬೇಕಾದದ್ದು ಅವರನ್ನು ಅಲ್ಲಿ ನಿಲ್ಲಿಸಿದ ಆಟಗಾರನನ್ನು ನೋಡಿ.

ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನೇ ನೋಡಿ. 1780ರ ಆಗಸ್ಟ್ 16ರಂದು ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್‌ನಲ್ಲಿ ಅಮೆರಿಕನ್ ಜನರಲ್ ಹೊರೇಶಿಯೊ ಗೇಟ್ಸ್ ತನ್ನ ಪಳಗಿದ ಸೈನಿಕರನ್ನು ಬಲಕ್ಕೂ ಮಿಲಿಷಿಯಾವನ್ನು, ಅಂದರೆ ಹೊಲಮನೆ ಬಿಟ್ಟು ಬಂದ ಊರವರ ಪಡೆಯನ್ನು, ಎಡಕ್ಕೂ ನಿಲ್ಲಿಸಿದ. ಬ್ರಿಟಿಷರಲ್ಲಿ ಉತ್ತಮ ರೆಜಿಮೆಂಟುಗಳು ಬಲಗಡೆ ನಿಲ್ಲುವುದು ವಾಡಿಕೆ. ಹೀಗಾಗಿ ರೈತರ ಎದುರಿಗೆ ಬಂದವರು ಬ್ರಿಟಿಷರ ಅತ್ಯುತ್ತಮ ಸೈನಿಕರು. ಗೇಟ್ಸ್ ಹಿಂದೆ ಬ್ರಿಟಿಷ್ ಸೈನ್ಯದಲ್ಲೇ ಅಧಿಕಾರಿಯಾಗಿದ್ದವನು, ವಾಡಿಕೆ ತಿಳಿಯದವನಲ್ಲ. ಬಯೊನೆಟ್ ಕಂಡ ಮಿಲಿಷಿಯಾದ ಬಹುಪಾಲು ಜನ ಒಂದು ಗುಂಡೂ ಹಾರಿಸದೆ ಓಡಿದರು. ಗೇಟ್ಸ್ ಕೂಡ ಓಡಿದ. ಕುದುರೆಯ ಮೇಲೆ ಅದೇ ದಿನ ಸುಮಾರು 60 ಮೈಲಿ!

ಐದು ತಿಂಗಳ ನಂತರ, 1781ರ ಜನವರಿ 17ರಂದು, ಅದೇ ಸೀಮೆಯ ಕೌಪೆನ್ಸ್‌ನಲ್ಲಿ ಡೇನಿಯಲ್ ಮಾರ್ಗನ್‌ನ ಕೈಯಲ್ಲಿದ್ದವರಲ್ಲೂ ಬಹಳ ಮಂದಿ ಇಂಥ ಮಿಲಿಷಿಯಾದವರೇ. ಎದುರಾಳಿ 26 ವರ್ಷದ ಬನಾಸ್ಟರ್ ಟಾರ್ಲ್‌ಟನ್, ಅವನ ಬಳಿ ಸುಮಾರು 1,100 ಮಂದಿ. ಮಾರ್ಗನ್ ಮೂರು ಸಾಲು ಮಾಡಿದ. ಮುಂದೆ ಗುರಿಕಾರರು, ಅವರ ಹಿಂದೆ ಆಂಡ್ರ್ಯೂ ಪಿಕೆನ್ಸ್‌ನ ಮಿಲಿಷಿಯಾ, ಅದರ ಹಿಂದೆ ದಿಬ್ಬದ ಮೇಲೆ ಪಳಗಿದವರು, ದಿಬ್ಬದ ಮರೆಯಲ್ಲಿ ಕುದುರೆ ಸವಾರರು. ಹಿಂದಿನ ರಾತ್ರಿ ಬೆಂಕಿಯ ಸುತ್ತ ಕೂತವರ ಬಳಿಗೆ ತಾನೇ ಹೋಗಿ ಹೇಳಿದ್ದು ಇಷ್ಟೇ: ಎರಡು ಮೂರು ಸುತ್ತು ಗುರಿಯಿಟ್ಟು ಗುಂಡು ಹಾರಿಸಿ, ಆಮೇಲೆ ಹಿಂದಕ್ಕೆ ಹೋಗಿ. ಹೇಗೂ ಓಡುವವರಿಗೆ ಓಡುವುದನ್ನೇ ಆಜ್ಞೆಯಾಗಿ ಕೊಟ್ಟ. ಅವರು ಗುಂಡು ಹಾರಿಸಿ ಹಿಂದೆ ಸರಿದಾಗ ಟಾರ್ಲ್‌ಟನ್‌ನ ಜನ ಗೆದ್ದೆವೆಂದು ಮುನ್ನುಗ್ಗಿದರು, ಪಳಗಿದ ಸಾಲಿನ ಬಾಯಿಗೆ ಬಿದ್ದರು. ಅಷ್ಟರಲ್ಲಿ ಮಿಲಿಷಿಯಾ ಮತ್ತೆ ಒಟ್ಟುಗೂಡಿ ಬಂತು. ಬ್ರಿಟಿಷರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಸೆರೆಯಾದರು.

ಬೋರ್ಡಿನ ಮೇಲೆ ನಾನು ಕಲಿತ ತಂತ್ರಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಬಂದವು. ದುರ್ಬಲ ಬಿಲ್ಲೆಯನ್ನು ಬೇಲಿಯ ಅಥವಾ ಕಾಡಂಚಿನ ಮರೆಗೆ ಇಡಿ, ಬಯಲಿಗೆ ತರಬೇಡಿ. ಅದರಿಂದ ಒಂದೇ ಒಂದು ಪೆಟ್ಟು ಹೊಡೆಸಿ, ಎದುರಾಳಿ ಮೈಮೇಲೆ ಬರುವ ಮೊದಲೇ ನೀವಾಗಿ ಹಿಂದಕ್ಕೆ ಕರೆದುಕೊಳ್ಳಿ. ಹಿಂದಿನ ಮನೆ ಖಾಲಿ ಇರಲಿ. ಓಡುವ ಬಿಲ್ಲೆ ಒಳ್ಳೆಯ ತುಕಡಿಯೊಳಗೆ ನುಗ್ಗಿದರೆ ಅದನ್ನೂ ಕದಡುವ ನಿಯಮ ಹಲವು ಆಟಗಳಲ್ಲಿದೆ. ಇನ್ನು ನಾಯಕನ ಬಿಲ್ಲೆ. ನಾವೆಲ್ಲ ಅದನ್ನು ಅತ್ಯುತ್ತಮ ತುಕಡಿಯ ಜೊತೆಗೇ ಇಡುತ್ತೇವೆ, ನೋಡಲು ಚೆಂದ ಎಂದೋ ಏನೋ. ಒಳ್ಳೆಯ ತುಕಡಿ ನಾಯಕನಿಲ್ಲದೆಯೂ ನಿಲ್ಲುತ್ತದೆ. 1985ರ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಆಟದಲ್ಲಿ ಹಸಿ ಸೈನಿಕರ ಬಿಲ್ಲೆ ಒಂಟಿಯಾಗಿದ್ದರೆ ನಡಿಗೆಯೇ ನಿಧಾನ. ಪಕ್ಕದಲ್ಲಿ ಎದೆಗುಂದದ ನಾಯಕನಿದ್ದರೆ ಉಳಿದವರಂತೆಯೇ ನಡೆಯುತ್ತದೆ.

ಸಾಲುಗಳ ನಡುವಿನ ಅಂತರವೂ ಮುಖ್ಯ. 1781ರ ಮಾರ್ಚ್ 15ರಂದು ಗಿಲ್‌ಫರ್ಡ್ ಕೋರ್ಟ್‌ಹೌಸ್‌ನಲ್ಲಿ ನಥಾನಿಯಲ್ ಗ್ರೀನ್ ಮಾರ್ಗನ್‌ನ ಮೂರು ಸಾಲನ್ನೇ ಅನುಕರಿಸಿದ, ಆದರೆ ಸಾಲುಗಳು ಒಂದಕ್ಕೊಂದು ನೂರಾರು ಗಜ ದೂರ, ನಡುವೆ ಕಾಡು ಬೇರೆ. ಮೊದಲ ಸಾಲಿನಿಂದ ಓಡಿದವರಿಗೆ ನಿಲ್ಲುವ ಜಾಗ ಕಾಣಲಿಲ್ಲ. ಮೈದಾನ ಬ್ರಿಟಿಷರದಾಯಿತು. ಹಾಗಿದ್ದೂ ಬೇಲಿಯ ಹಿಂದಿನ ಆ ರೈತರ ಗುಂಡುಗಳು ವ್ಯರ್ಥವಾಗಲಿಲ್ಲ. ಆ ಒಂದು ದಿನದಲ್ಲಿ ಬ್ರಿಟಿಷರು ತಮ್ಮ ಕಾಲುಭಾಗಕ್ಕೂ ಹೆಚ್ಚು ಜನರನ್ನು ಕಳೆದುಕೊಂಡರು. ಅವರ ಸೇನಾಪತಿ ನಮಗೆ ಅಪರಿಚಿತನಲ್ಲ. ಹನ್ನೊಂದು ವರ್ಷಗಳ ನಂತರ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್ ಅವನೇ.

ಮಾರ್ಗನ್‌ನನ್ನು ಸಂತನೆಂದು ಹೊಗಳುತ್ತಿಲ್ಲ. ಗಿಲ್‌ಫರ್ಡ್‌ಗೆ ಮುಂಚೆ ಅವನು ಗ್ರೀನ್‌ಗೆ ಬರೆದ ಪತ್ರದಲ್ಲಿ, ಮಿಲಿಷಿಯಾದ ಹಿಂದೆ ಆಯ್ದ ಸೈನಿಕರನ್ನಿಟ್ಟು ಮೊದಲು ಓಡುವವನನ್ನು ಸುಡಲು ಹೇಳು ಎಂಬ ಸಲಹೆಯೂ ಇದೆ. ಓದಿದಾಗ ನನಗೆ ಹಿಡಿಸಲಿಲ್ಲ. ಕೌಪೆನ್ಸ್‌ನಲ್ಲಿ ಅವನು ಗೆದ್ದದ್ದು ಆ ದಾರಿಯಿಂದಲೂ ಅಲ್ಲ.

‘ಹೊಸಬರು ದುರ್ಬಲ ಕಡೆಯಿಂದಲೇ ಆಟ ಕಲಿಯಲಿ, ನಾವೂ ಹಾಗೇ ಕಲಿತೆವು’ ಎನ್ನುವ ಗೆಳೆಯರಿದ್ದಾರೆ. ಅವರು ‘ಪಾಂಜರ್‌ಗ್ರುಪ್ಪೆ ಗುಡೇರಿಯನ್’ ಆಟವನ್ನು ನೆನೆಯಲಿ. 1941ರ ಸ್ಮೊಲೆನ್ಸ್ಕ್ ಕದನದ ಮೇಲೆ ಜಿಮ್ ಡನಿಗನ್ 1976ರಲ್ಲಿ ರೂಪಿಸಿದ್ದು. ಅದರಲ್ಲಿ ಸೋವಿಯತ್ ಪದಾತಿ ಬಿಲ್ಲೆಗಳು ಮೊದಲ ಕಾಳಗದವರೆಗೆ ಮಗುಚಿಕೊಂಡೇ ಇರುತ್ತವೆ. ಬಲ ಎಷ್ಟೆಂದು ಆಡಿಸುವವನಿಗೂ ತಿಳಿಯದು, ತಿರುಗಿಸಿದರೆ ಸೊನ್ನೆಯೂ ಬರಬಹುದು. ಹಾಗಾಗಿ ಒಂದೇ ಬಿಲ್ಲೆಯನ್ನು ನಂಬಿ ಸಾಲು ಕಟ್ಟುವಂತಿಲ್ಲ, ಒಂದರ ಹಿಂದೆ ಇನ್ನೊಂದು ಇರಲೇಬೇಕು. ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹತ್ತಿಪ್ಪತ್ತು ಆಟ ಆಡಿದವನಿಗೇ ಹೊಳೆಯುವುದು ಕಷ್ಟ. ನಿಯಮಗಳನ್ನೇ ಇನ್ನೂ ಓದಿ ಮುಗಿಸದ ಹುಡುಗನಿಗೆ ಅದನ್ನು ಕೊಟ್ಟು ‘ಕಲಿ’ ಎನ್ನುವುದು ಯಾವ ನ್ಯಾಯ? ಪಳಗಿದ ಸೈನ್ಯ ಕೊಟ್ಟರೆ ಅವನು ಸಣ್ಣಪುಟ್ಟ ತಪ್ಪು ಮಾಡಿಯೂ ಆಟದಲ್ಲಿ ಉಳಿಯುತ್ತಾನೆ. ಟಾರ್ಲ್‌ಟನ್‌ನಂತೆ, ಬೆಳಗಾಗುವ ಮೊದಲೇ ನಡೆದು ದಣಿದ ಜನರನ್ನು ನೇರ ನುಗ್ಗಿಸಿದರೆ ಸೋಲುತ್ತಾನೆ, ಆದರೆ ಯಾಕೆ ಸೋತೆ ಎಂಬುದು ಅವನಿಗೆ ಕಾಣುತ್ತದೆ.

ಮುಂದಿನ ಶನಿವಾರ ಕ್ಯಾಮ್ಡೆನ್ ಹಾಕೋಣ ಎಂದು ಗೆಳೆಯರಲ್ಲಿ ಕೇಳಿದ್ದೇನೆ. ನಕ್ಷೆ ಚಾರ್ಟ್ ಪೇಪರಿನ ಮೇಲೆ ಬರೆದಾಗಿದೆ. ಕಾರ್ನ್‌ವಾಲಿಸ್‌ನ ಸೈನ್ಯ ಪ್ರಥಮ ಪಿಯುಸಿಯವರಿಗೆ. ಗೇಟ್ಸ್‌ನ ಮಿಲಿಷಿಯಾ ನನಗಿರಲಿ, ಅವರನ್ನು ಎಡಕ್ಕಂತೂ ನಿಲ್ಲಿಸುವುದಿಲ್ಲ.