ಅಗೆಯುವ ಯಂತ್ರದ ಪಾದಸೇವೆ

ಕೆರೆಯ ಹೂಳೆತ್ತುವುದಿರಲಿ, ಕೃಷಿಹೊಂಡ ತೋಡುವುದಿರಲಿ, ಮನೆಯ ಅಡಿಪಾಯಕ್ಕೆಂದು ನೆಲವನ್ನು ಅಗೆಯುವುದಿರಲಿ, ಗುದ್ದಲಿ ಪಿಕಾಸಿಗಳನ್ನು ಹಿಡಿದ ಆಳುಗಳ ತಂಡವಿರುತ್ತಿದ್ದ ಕಡೆ ಈಗ ಒಂದು ಯಂತ್ರವೂ ಅದರೊಳಗೊಬ್ಬ ಚಾಲಕನೂ ಕಾಣಿಸುತ್ತಾರೆ. ಚಕ್ರಗಳ ಮೇಲೆ ಓಡುವುದನ್ನು ನಮ್ಮ ಜನ ‘ಜೆಸಿಬಿ’ ಎನ್ನುತ್ತಾರೆ; ಉಕ್ಕಿನ ಪಟ್ಟಿಯ ಮೇಲೆ ತೆವಳುವುದನ್ನು ‘ಹಿಟಾಚಿ’ ಎನ್ನುತ್ತಾರೆ. ಎರಡೂ ತಯಾರಕರ ಹೆಸರುಗಳೇ ಹೊರತು ಯಂತ್ರದ ಹೆಸರುಗಳಲ್ಲ. ಯಾವ ಕಾರ್ಖಾನೆಯಿಂದ ಬಂದುದಾದರೂ ಹಳ್ಳಿಯವರ ಪಾಲಿಗೆ ಅದು ಹಿಟಾಚಿಯೇ. ಭಾಷೆಯ ಈ ಔದಾರ್ಯದ ವಿಷಯದಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರಿರುವುದು ಬೇರೊಂದು ವಿಷಯದಲ್ಲಿ. ನೋಡುವವರ ಕಣ್ಣೆಲ್ಲ ಯಂತ್ರದ ತೋಳಿನ ಮೇಲೂ ಬಕೆಟ್ಟಿನ ಮೇಲೂ ನೆಟ್ಟಿರುತ್ತದೆ. ಅಷ್ಟು ಭಾರವನ್ನು ಹೊತ್ತು ನಿಂತ ಪಾದಗಳನ್ನು ಗಮನಿಸುವವರು ವಿರಳ. ಆ ಪಾದಗಳ ಆರೈಕೆಗೆಂದು ಕೂಲಿ ಕೊಡುವವರಂತೂ ಇನ್ನೂ ವಿರಳ.

ಮೆತ್ತನೆಯ ನೆಲದಲ್ಲಿ ಚಕ್ರ ಹೂತುಹೋಗುತ್ತದೆಂಬುದು ಮಳೆಗಾಲದಲ್ಲಿ ಗಾಡಿ ಹೊಡೆದ ಯಾವ ರೈತನಿಗೂ ಹೊಸ ಸಂಗತಿಯಲ್ಲ. ಗಾಡಿಯೇ ತನ್ನ ಮುಂದೆ ಹಾಸೊಂದನ್ನು ಹಾಸಿಕೊಂಡು, ಅದರ ಮೇಲೆ ನಡೆದು, ದಾಟಿದ ಮೇಲೆ ಹಿಂದಿನಿಂದ ಅದನ್ನೆತ್ತಿಕೊಂಡರೆ ಹೇಗೆ? ವಿಮಾನವಿಜ್ಞಾನದ ಚರಿತ್ರೆಯಲ್ಲಿ ಹೆಸರಾದ ಇಂಗ್ಲೆಂಡಿನ ಜಾರ್ಜ್ ಕೇಲಿಯು 1825ರಷ್ಟು ಹಿಂದೆಯೇ ಇಂಥ ಏರ್ಪಾಟಿಗೆ ಪೇಟೆಂಟು ಪಡೆದಿದ್ದನು. ಅದು ಹೊಲಕ್ಕಿಳಿದು ಕೆಲಸ ಮಾಡಿದ್ದು ಬಹಳ ತಡವಾಗಿ. ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಸುತ್ತಲಿನ ಜೌಗು ನೆಲದಲ್ಲಿ ಹಬೆಯ ಟ್ರಾಕ್ಟರುಗಳು ಹೂತು ನಿಲ್ಲುತ್ತಿದ್ದುದನ್ನು ಕಂಡು ಬೆಂಜಮಿನ್ ಹೋಲ್ಟ್ ಎಂಬಾತನು 1904ರ ನವೆಂಬರಿನಲ್ಲಿ ಚಕ್ರಗಳನ್ನು ಕಳಚಿ ಪಟ್ಟಿಗಳನ್ನು ತೊಡಿಸಿ ನೋಡಿದನು. ಯಂತ್ರದ ನಡಿಗೆಯನ್ನು ಕಂಡವರಿಗೆ ಕಂಬಳಿಹುಳುವಿನ ನೆನಪಾಯಿತು. ‘ಕ್ಯಾಟರ್‌ಪಿಲರ್’ ಎಂಬ ಹೆಸರು ಹುಟ್ಟಿದ್ದು ಹಾಗೆ.

ಹಾಸಿನ ಪ್ರಯೋಜನ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರದ ತೂಕ ಸುಮಾರು 20 ಟನ್. ಅದರ ಒಂದೊಂದು ಪಟ್ಟಿಯೂ ಸುಮಾರು 60 ಸೆಂಟಿಮೀಟರ್ ಅಗಲವಿದ್ದು, 350 ಸೆಂಟಿಮೀಟರಿನಷ್ಟು ಉದ್ದಕ್ಕೆ ನೆಲವನ್ನು ಮುಟ್ಟಿಕೊಂಡಿರುತ್ತದೆ. ಎರಡು ಪಟ್ಟಿಗಳಿಂದ 42,000 ಚದರ ಸೆಂಟಿಮೀಟರ್ ಆಯಿತು. 20,000 ಕಿಲೋಗ್ರಾಂ ಭಾರವನ್ನು ಅಷ್ಟರ ಮೇಲೆ ಹಂಚಿದರೆ ಚದರ ಸೆಂಟಿಮೀಟರಿಗೆ ಬೀಳುವುದು ಅರ್ಧ ಕಿಲೋಗ್ರಾಂಗಿಂತಲೂ ತುಸು ಕಡಿಮೆ. ಬರಿಗಾಲಿನಲ್ಲಿ ನಡೆಯುವ ಸಾಧಾರಣ ಮನುಷ್ಯನು ಒಂದು ಕಾಲ ಮೇಲೆ ಭಾರವೂರಿದಾಗ ಅವನ ಅಂಗಾಲಿನ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಒತ್ತಡವಿರುತ್ತದೆ! ಆದರೆ ಇದು ಸಮನಾದ ನೆಲದ ಮೇಲೆ ಸುಮ್ಮನೆ ನಿಂತ ಯಂತ್ರದ ಲೆಕ್ಕ. ತೋಳನ್ನು ಚಾಚಿ ಬಂಡೆಯನ್ನು ಮೀಟುವಾಗ ಭಾರವೆಲ್ಲ ಪಟ್ಟಿಯ ಒಂದು ತುದಿಗೆ ಸರಿದು, ಅಲ್ಲಿನ ಒತ್ತಡ ಹಲವು ಪಟ್ಟು ಏರುತ್ತದೆ. ಕಾಲುವೆಯ ದಂಡೆಯಲ್ಲಿ ನಿಂತ ಯಂತ್ರಗಳು ದಂಡೆಯೊಡನೆಯೇ ಕುಸಿಯುವುದು ಇಂಥ ಸಂದರ್ಭದಲ್ಲಿ. ಪಟ್ಟಿಗಳನ್ನು ದಂಡೆಗೆ ಅಡ್ಡಲಾಗಿ, ಎಂದರೆ ಅಪಾಯ ಕಂಡೊಡನೆ ನೇರವಾಗಿ ಹಿಂದಕ್ಕೆ ಸರಿಯಬಹುದಾದ ರೀತಿಯಲ್ಲಿ ನಿಲ್ಲಿಸಬೇಕೆಂದು ಹೇಳುವುದು ಅದಕ್ಕಾಗಿಯೇ.

ಈ ಪಟ್ಟಿಯನ್ನು ಚಾಲಕರು ‘ಚೈನು’ ಎನ್ನುತ್ತಾರೆ. ಆ ಮಾತು ಸರಿಯಾದುದೇ. ಸೈಕಲಿನ ಚೈನಿನಂತೆ ಇದರಲ್ಲಿಯೂ ಕೊಂಡಿ, ಪಿನ್ನು, ಬುಶ್ಶುಗಳಿವೆ. ಎಳೆಯಲು ಹಲ್ಲುಗಳುಳ್ಳ ಸ್ಪ್ರಾಕೆಟ್ ಇದೆ. ಇನ್ನೊಂದು ತುದಿಯಲ್ಲಿ ಹಲ್ಲಿಲ್ಲದ ಐಡ್ಲರ್ ಚಕ್ರವಿದೆ. ನಡುವೆ ಭಾರ ಹೊರುವ ರೋಲರುಗಳಿವೆ. 20 ಟನ್ನಿನ ಯಂತ್ರದಲ್ಲಿ ಪಿನ್ನಿನಿಂದ ಪಿನ್ನಿಗೆ ಸುಮಾರು 19 ಸೆಂಟಿಮೀಟರ್ ಅಂತರವಿರುವ 45ಕ್ಕೂ ಹೆಚ್ಚು ಕೊಂಡಿಗಳಿರುತ್ತವೆ. ಪ್ರತಿಯೊಂದು ಕೀಲೂ 2 ಮಿಲಿಮೀಟರಿನಷ್ಟು ಸವೆಯಿತೆಂದುಕೊಳ್ಳೋಣ. ಕಣ್ಣಿಗೆ ಕಾಣದ ಸವೆತ. ಆದರೆ ಒಟ್ಟು ಚೈನು 9 ಸೆಂಟಿಮೀಟರ್ ಉದ್ದವಾಗಿಬಿಡುತ್ತದೆ. ಐಡ್ಲರನ್ನು ಮುಂದಕ್ಕೆ ತಳ್ಳಿ ಆ ಜೋಲನ್ನು ಮರೆಮಾಡಬಹುದು. ಸ್ಪ್ರಾಕೆಟ್ಟಿನ ಹಲ್ಲುಗಳ ಅಂತರವಾದರೋ ಮೊದಲಿನಷ್ಟೇ ಉಳಿದಿರುತ್ತದೆ. ಉದ್ದವಾದ ಕೊಂಡಿಗೂ ಹಳೆಯ ಹಲ್ಲಿಗೂ ಹೊಂದಿಕೆ ತಪ್ಪಿ, ಒಂದನ್ನೊಂದು ತಿನ್ನತೊಡಗುತ್ತವೆ. ಹಲ್ಲುಗಳು ಚೂಪಾಗಿ ಕಂಡವೆಂದರೆ ಬಿಗಿ ಮಾಡಿ ಫಲವಿಲ್ಲ.

ಬಿಗಿ ಮಾಡುವುದರಲ್ಲಿಯೂ ಅಳತೆಯುಂಟು. ಚೈನು ತೀರ ಸಡಿಲವಾದರೆ ತಿರುವಿನಲ್ಲಿ ಕಳಚಿಕೊಳ್ಳುತ್ತದೆ. ತೀರ ಬಿಗಿಯಾದರೆ ಎಂಜಿನಿನ ಬಲದ ಒಂದು ಪಾಲು ಬುಶ್ಶನ್ನೂ ಹಲ್ಲನ್ನೂ ಉಜ್ಜುವುದರಲ್ಲಿಯೇ ವ್ಯಯವಾಗುತ್ತದೆ. ಸಡಿಲವಾದ ಚೈನು ಕಳಚಿ ಬಿದ್ದು ತನ್ನ ದೋಷವನ್ನು ಸಾರುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ಸವೆಯುತ್ತದೆ. ಆದುದರಿಂದಲೇ ನಮ್ಮ ಚಾಲಕರಲ್ಲಿ ಅನೇಕರು ಬಿಗಿಯನ್ನೇ ಗುಣವೆಂದು ಭಾವಿಸಿದ್ದಾರೆ. ಮಣ್ಣು ಬಂದರಂತೂ ಲೆಕ್ಕವೇ ಬದಲಾಗುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಸಂಜೆ ಹಸಿಯಾಗಿ ಹಲ್ಲುಗಳ ನಡುವೆ ಕುಳಿತು ಬೆಳಗಾಗುವುದರೊಳಗೆ ಇಟ್ಟಿಗೆಯಂತಾಗುತ್ತದೆ. ಮರುದಿನ ಯಂತ್ರವನ್ನು ನಡೆಸಿದಾಗ ಬುಶ್ಶು ಹಲ್ಲಿನ ಬುಡಕ್ಕಿಳಿಯದೆ ಆ ಮಣ್ಣಿನ ಮೇಲೇರಿ ನಿಲ್ಲುತ್ತದೆ. ಸರಿಯಾಗಿದ್ದ ಚೈನು ಮಿತಿಮೀರಿ ಬಿಗಿಯುತ್ತದೆ. ಚೈನನ್ನು ತೊಳೆಯಬೇಕಾದದ್ದು ಸಂಜೆಯೇ ಹೊರತು ಮರುದಿನವಲ್ಲ. ಜೋಲನ್ನು ಅಳೆಯಬೇಕಾದದ್ದೂ ಆ ನೆಲದಲ್ಲಿ ಒಂದಿಷ್ಟು ಕೆಲಸ ಮಾಡಿದ ಮೇಲೆಯೇ ಹೊರತು ಕಾಂಕ್ರೀಟಿನ ಅಂಗಳದಲ್ಲಿ ಅಲ್ಲ. ಎಷ್ಟು ಜೋಲು ಬೇಕೆಂಬುದನ್ನು ಆಯಾ ಯಂತ್ರದ ಕೈಪಿಡಿ ಹೇಳುತ್ತದೆ. ಅದನ್ನು ಬಿಟ್ಟು ಅಂದಾಜನ್ನು ನಂಬಬಾರದು.

ಇಲ್ಲಿಯವರೆಗೆ ಹೇಳಿದ್ದು ಉಕ್ಕಿನ ಸವೆತ. ನಮ್ಮನ್ನು ಬರೆಯುವಂತೆ ಪ್ರೇರಿಸಿದ್ದು ಮನುಷ್ಯನಿಗಾಗುವ ಹಾನಿ.

ಐಡ್ಲರನ್ನು ಮುಂದಕ್ಕೆ ತಳ್ಳಿ ಹಿಡಿಯುವುದು ಗ್ರೀಸ್ ತುಂಬಿದ ಒಂದು ಸಿಲಿಂಡರು. ಅದರ ಬೆನ್ನಿಗೆ ಹಲವು ಟನ್ ಬಲದಿಂದ ಅದುಮಿಟ್ಟ ದೊಡ್ಡ ಸ್ಪ್ರಿಂಗ್ ಇದೆ. ಗ್ರೀಸ್ ಗನ್ನಿನಿಂದ ಗ್ರೀಸನ್ನು ಒತ್ತಿದರೆ ಚೈನು ಬಿಗಿಯಾಗುತ್ತದೆ. ಪಕ್ಕದ ವಾಲ್ವನ್ನು ತಿರುಗಿಸಿ ಗ್ರೀಸನ್ನು ಬಿಟ್ಟರೆ ಸಡಿಲವಾಗುತ್ತದೆ. ಇಷ್ಟು ಸುಲಭವಾದ ಕೆಲಸವೆಂದೇ ಅದನ್ನು ‘ಹೆಲ್ಪರ್’ ಎನಿಸಿಕೊಂಡ ಹುಡುಗನಿಗೆ ಬಿಡುತ್ತಾರೆ. ಲಾರಿಯ ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 8 ಕಿಲೋಗ್ರಾಂ. ಅದು ಸಿಡಿದಾಗ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಕೈಯಿಂದ ಒತ್ತುವ ಗ್ರೀಸ್ ಗನ್ನು 400ರಿಂದ 700 ಕಿಲೋಗ್ರಾಂವರೆಗೂ ಒತ್ತಡ ಕೊಡಬಲ್ಲದು. ಮನುಷ್ಯನ ಚರ್ಮವನ್ನು ಭೇದಿಸಲು 7 ಕಿಲೋಗ್ರಾಂ ಸಾಕೆನ್ನುತ್ತಾರೆ. ಗ್ರೀಸ್ ಬೇಗ ಹೊರಬರಲಿಲ್ಲವೆಂದು ಹುಡುಗನು ಬಗ್ಗಿ, ಮುಖವನ್ನು ಹತ್ತಿರಕ್ಕೆ ತಂದು, ವಾಲ್ವನ್ನು ಎರಡು ಮೂರು ಸುತ್ತು ಬಿಚ್ಚುತ್ತಾನೆ. ಆಗ ವಾಲ್ವೇ ಗುಂಡಿನಂತೆ ಹಾರಿಬರಬಹುದು. ಇಲ್ಲವೆ ಸೂಜಿಯಂಥ ಗ್ರೀಸಿನ ಧಾರೆ ಕೈಯನ್ನು ಹೊಗಬಹುದು.

ಈ ಎರಡನೆಯ ಗಾಯವು ಮೋಸಗಾರ. ಬೆರಳಲ್ಲಿ ಮುಳ್ಳು ಚುಚ್ಚಿದಷ್ಟು ಚಿಕ್ಕ ರಂಧ್ರ, ರಕ್ತ ಹೆಚ್ಚಿಲ್ಲ, ಮೊದಲು ನೋವೂ ಹೆಚ್ಚಿಲ್ಲ. ಒಳಗೆ ಗ್ರೀಸು ಸ್ನಾಯುರಜ್ಜುಗಳ ಕೋಶಗಳುದ್ದಕ್ಕೂ ಹರಿದು ಅಂಗೈಯವರೆಗೆ ವ್ಯಾಪಿಸಿರುತ್ತದೆ. ಕೆಲವು ಗಂಟೆಗಳಲ್ಲಿ ಕೈ ಬಾತು, ರಕ್ತಸಂಚಾರ ನಿಂತು, ಮಾಂಸ ಸಾಯತೊಡಗುತ್ತದೆ. ಅಧಿಕ ಒತ್ತಡದ ಎಣ್ಣೆ ಚರ್ಮದೊಳಕ್ಕೆ ಹೊಕ್ಕ ಪ್ರಕರಣವೊಂದು 1937ರಷ್ಟು ಹಿಂದೆಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಕೈಗಳಿಗಾದ ಇಂಥ 435 ಗಾಯಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 30 ಮಂದಿ ಬೆರಳನ್ನೋ ಕೈಯ ಭಾಗವನ್ನೋ ಕಳೆದುಕೊಂಡಿದ್ದರು. ಅರಿಸಿನ ಹಚ್ಚಿ ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ನಿಲ್ಲುವ ಗಾಯವಲ್ಲ ಇದು. ನೋವಿರಲಿ ಬಿಡಲಿ, ಆ ಗಳಿಗೆಯಲ್ಲಿಯೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೊರಡಬೇಕು. ‘ಚುಚ್ಚಿತು’ ಎನ್ನದೆ ‘ಒತ್ತಡದ ಗ್ರೀಸು ಒಳಹೊಕ್ಕಿದೆ’ ಎಂದೇ ವೈದ್ಯರಿಗೆ ಹೇಳಬೇಕು.

ತಪ್ಪಿಸಿಕೊಳ್ಳುವ ಉಪಾಯವಾದರೋ ಅತಿ ಸರಳ. ವಾಲ್ವನ್ನು ಸಾವಕಾಶವಾಗಿ ತಿರುಗಿಸತಕ್ಕದ್ದು, ಒಂದು ಸುತ್ತನ್ನು ಮೀರತಕ್ಕದ್ದಲ್ಲ. ಮುಖವೂ ಮೈಯೂ ವಾಲ್ವಿನ ಎದುರಿಗಿರದೆ ಪಕ್ಕಕ್ಕಿರಬೇಕು. ಗ್ರೀಸು ಬಾರದಿದ್ದರೆ ಇನ್ನಷ್ಟು ಬಿಚ್ಚುವುದಲ್ಲ; ಹುಡುಗನು ದೂರ ಸರಿದು ನಿಂತ ಮೇಲೆ ಯಂತ್ರವನ್ನು ತುಸು ಹಿಂದೆ ಮುಂದೆ ನಡೆಸಿದರೆ ತಾನಾಗಿ ಬರುತ್ತದೆ. ಗ್ರೀಸ್ ತುಂಬುವ ನಿಪ್ಪಲನ್ನಂತೂ ಬಿಚ್ಚಲೇಕೂಡದು.

ಅಳತೆಗಾಗಿ ಚೈನನ್ನು ಎತ್ತುವಾಗಲೂ ಎಚ್ಚರ ಬೇಕು. ಮೇಲಿನ ಗೂಡನ್ನು ಅಡ್ಡಕ್ಕೆ ತಿರುಗಿಸಿ, ಬಕೆಟ್ಟಿನ ದುಂಡಗಿನ ಬೆನ್ನನ್ನು ನೆಲಕ್ಕೂರಿ ಯಂತ್ರದ ಒಂದು ಪಕ್ಕವನ್ನು ಎತ್ತುವುದು ವಾಡಿಕೆ. ಆಗ ಅಷ್ಟು ಭಾರವೂ ನಿಂತಿರುವುದು ಎಣ್ಣೆಯ ಮೇಲೆ. ಒಂದು ಹೋಸು ಒಡೆದರೆ, ಚಾಲಕನ ಮೊಣಕೈ ಒಂದು ಲಿವರಿಗೆ ತಗುಲಿದರೆ, ಎತ್ತಿದ್ದು ಇಳಿಯುತ್ತದೆ. ಚೌಕಟ್ಟಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡದೆ ಅಲ್ಲಿಗೆ ಯಾರೂ ಕೈ ಹಾಕಬಾರದು. ಪಿನ್ನನ್ನು ಸುತ್ತಿಗೆಯಿಂದ ಬಡಿದು ಕಳಚುವಾಗ ಗಟ್ಟಿ ಉಕ್ಕಿನ ಚೂರು ಸಿಡಿದು ಕಣ್ಣು ಹೋಗುವುದುಂಟು. ಕನ್ನಡಕದ ಬೆಲೆ ಕಣ್ಣಿಗಿಂತ ಕಡಿಮೆಯೆಂದು ಪ್ರತ್ಯೇಕವಾಗಿ ಹೇಳಬೇಕೆ? ಇನ್ನೊಂದು ವಿಚಿತ್ರವನ್ನೂ ವಾಚಕರು ಗಮನಿಸಬೇಕು. ಗೂಡು ಹಿಂದುಮುಂದಾಗಿ ತಿರುಗಿ ನಿಂತಾಗ, ಎಂದರೆ ಸ್ಪ್ರಾಕೆಟ್ಟು ಚಾಲಕನ ಎದುರಿಗಿದ್ದಾಗ, ಲಿವರನ್ನು ಮುಂದಕ್ಕೆ ಒತ್ತಿದರೆ ಯಂತ್ರ ಅವನ ಬೆನ್ನ ಕಡೆಗೆ ಹೋಗುತ್ತದೆ. ಅಲ್ಲಿ ಚೈನು ಕೆರೆಯುತ್ತ ಕುಳಿತ ಹುಡುಗನಿದ್ದರೆ ಅವನಿಗೆ ಎದ್ದು ಓಡಲು ಸಮಯವಿರುವುದಿಲ್ಲ.

ಇವೆಲ್ಲವೂ ಕೈಪಿಡಿಗಳಲ್ಲಿ ಮುದ್ರಿತವಾಗಿರುವ ಸಂಗತಿಗಳೇ. ಹಾಗಾದರೆ ಆಚರಣೆಗೆ ಏಕೆ ಬಾರವು? ಚಾಲಕರ ಉದಾಸೀನವೆಂದು ಮಾಲೀಕರು ಹೇಳುತ್ತಾರೆ. ನಾವು ಅದನ್ನೊಪ್ಪುವುದಿಲ್ಲ. ನಮ್ಮಲ್ಲಿ ಈ ಯಂತ್ರಗಳು ಗಂಟೆಯ ಬಾಡಿಗೆಗೆ ಓಡುತ್ತವೆ. ಗಂಟೆಯನ್ನು ಎಣಿಸುವ ಮೀಟರು ಎಂಜಿನ್ನು ನಡೆಯುವಾಗ ಮಾತ್ರ ಓಡುತ್ತದೆ. ಎಂಜಿನ್ನನ್ನು ನಿಲ್ಲಿಸಿ ಮಣ್ಣು ಕೆರೆದ ಅರ್ಧ ಗಂಟೆ ಆ ಮೀಟರಿನ ಪಾಲಿಗೆ ಇಲ್ಲವೇ ಇಲ್ಲ. ಬಾಡಿಗೆಗೆ ಕರೆದವನು ಅದಕ್ಕೆ ಹಣ ಕೊಡುವುದಿಲ್ಲ, ಮಾಲೀಕನು ಭತ್ಯೆ ಕೊಡುವುದಿಲ್ಲ. ಹಸಿದ ಚಾಲಕನು ನಿದ್ದೆಗೆ ಹೋಗುತ್ತಾನೆ. ಸುರಕ್ಷಿತವಾದ ಕೆಲಸವೆಲ್ಲ ಲೆಕ್ಕದಾಚೆ ಉಳಿದು, ಅಪಾಯದ ಅವಸರವೆಲ್ಲ ಲೆಕ್ಕದೊಳಗೆ ಬಂದಿರುವಾಗ ಉಪದೇಶದಿಂದ ಏನಾದೀತು? ಸಂಡೂರು, ಬಳ್ಳಾರಿಗಳ ಗಣಿಗಳ ಮೇಲೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕಣ್ಣಾದರೂ ಇದೆ. ರೈತನ ಹೊಂಡದ ಬಳಿ, ತೋಟದ ರಸ್ತೆಯಲ್ಲಿ, ಬಡಾವಣೆಯ ಚರಂಡಿಯ ಪಕ್ಕದಲ್ಲಿ ನಿಂತ ಒಂಟಿ ಯಂತ್ರವನ್ನು ಕೇಳುವವರಾರು?

ದಿನಕ್ಕೆ ಅರ್ಧ ಗಂಟೆಯ ಪಾದಸೇವೆಯನ್ನು ಬಾಡಿಗೆಯ ಒಪ್ಪಂದದಲ್ಲಿಯೇ ಸೇರಿಸಿ, ಅದರ ಕೂಲಿಯನ್ನು ಚಾಲಕನಿಗೂ ಹುಡುಗನಿಗೂ ಹಂಚಬೇಕೆಂಬುದು ನಮ್ಮ ಸೂಚನೆ. ಖರ್ಚು ಹೆಚ್ಚಾಯಿತೆನ್ನುವ ಮಾಲೀಕರು ಹೊಸ ಚೈನು, ಸ್ಪ್ರಾಕೆಟ್ಟು, ರೋಲರುಗಳ ಬೆಲೆಯನ್ನೊಮ್ಮೆ ಅಂಗಡಿಯಲ್ಲಿ ವಿಚಾರಿಸಲಿ. ಹತ್ತು ಗಂಟೆ ದುಡಿವ ಯಂತ್ರಕ್ಕೆ ಅರ್ಧ ಗಂಟೆಯೆಂದರೆ ನೂರಕ್ಕೆ ಐದು. ಆ ಐದನ್ನು ಉಳಿಸಿದವರು ಚೈನಿನ ಆಯುಷ್ಯದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚನ್ನು ಕಳೆದುಕೊಳ್ಳುತ್ತಾರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಎರಡನೆಯ ಸೂಚನೆ ಭಾಷೆಯದು. ಧಾರವಾಡದಲ್ಲಿಯೂ ಕೋಲಾರದ ಚಿನ್ನದ ಗಣಿಯ ಪಟ್ಟಣದಲ್ಲಿಯೂ ಇಂಥ ಯಂತ್ರಗಳು ತಯಾರಾಗುವ ನಾಡು ನಮ್ಮದು. ಆದರೂ ನಾವು ಕೆಲಸದ ಸ್ಥಳಗಳಲ್ಲಿ ಕಂಡ ಯಂತ್ರಗಳ ಮೇಲಿನ ಎಚ್ಚರಿಕೆಯ ಚೀಟಿಗಳು ಇಂಗ್ಲಿಷಿನವು. ಸ್ಪ್ಯಾನರು ಹಿಡಿದ ಹುಡುಗರಲ್ಲಿ ಕೆಲವರು ಕನ್ನಡ ಓದಬಲ್ಲರು, ಕೆಲವರು ಹಿಂದಿ ಮಾತ್ರ ಓದಬಲ್ಲರು, ಕೆಲವರು ಚಿತ್ರವನ್ನು ಮಾತ್ರ ಓದಬಲ್ಲರು. ಗ್ರೀಸ್ ವಾಲ್ವಿನ ಬಳಿ ಮೂರೂ ಇರಲಿ: ‘ಒಂದು ಸುತ್ತು ಮಾತ್ರ, ಮುಖ ಪಕ್ಕಕ್ಕೆ’ ಎಂಬ ಐದು ಮಾತು ಎರಡು ಭಾಷೆಗಳಲ್ಲಿ, ಜೊತೆಗೊಂದು ಚಿತ್ರ. ಅದು ಅಂಟಿಸಿದ ಕಾಗದವಾಗಿರದೆ, ಕೊರೆದು ಮೊಳೆ ಹೊಡೆದ ಲೋಹದ ತಗಡಾಗಿರಬೇಕು. ಏಕೆಂದರೆ ವಾಲ್ವಿರುವುದು ಚೈನಿನ ಪಕ್ಕದ ಚೌಕಟ್ಟಿನಲ್ಲಿ, ಎಲ್ಲಕ್ಕಿಂತ ಮೊದಲು ಕೆಸರು ಮೆತ್ತುವ ಜಾಗದಲ್ಲಿ.