ಮಗು 'ಒಲ್ಲೆ' ಅಂದರೆ ಅದು ಹಟವಲ್ಲ

ಮಾತು ಬಾರದ ಕೂಸು ಅತ್ತರೆ ನಾವು 'ಹಟಮಾರಿ' ಅಂತೀವಿ. ಆ ಅಳುವೇ ಅದರ ಮಾತು ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ಅಮೆರಿಕದ ಮೋ ವಿಲೆಮ್ಸ್ 2004ರಲ್ಲಿ 'ಕ್ನಫಲ್ ಬನ್ನಿ' ಅನ್ನೋ ಚಿತ್ರಪುಸ್ತಕ ಮಾಡಿದರು. ಪುಟ್ಟಿ ಟ್ರಿಕ್ಸಿಯ ಮೊಲದ ಬೊಂಬೆ ಬಟ್ಟೆ ಒಗೆಯೋ ಅಂಗಡಿಯಲ್ಲೇ ಉಳಿದುಬಿಡುತ್ತೆ. ಅಪ್ಪನಿಗೆ ಹೇಳಬೇಕು, ಮಾತು ಬರಲ್ಲ. ತೊದಲ್ತಾಳೆ, ಅಳ್ತಾಳೆ, ಮೈ ಸಡಿಲಬಿಟ್ಟು ಜೋತುಬೀಳ್ತಾಳೆ. ಮನೆ ಬಾಗಿಲಲ್ಲಿ ಅಮ್ಮ 'ಮೊಲ ಎಲ್ಲಿ?' ಅಂದ ಮೇಲೇ ಅಪ್ಪನಿಗೆ ತಿಳಿಯೋದು. ಪುಸ್ತಕ ಮಗುವಿನ ಕಡೆ ನಿಲ್ಲುತ್ತೆ.

ನಮ್ಮ ಅಂಗನವಾಡಿ ಗೋಡೆ ನೋಡಿ. ಅಕ್ಷರ, ಹಣ್ಣು, ಒಳ್ಳೆಯ ಅಭ್ಯಾಸ. ಎಲ್ಲಾ ನಾವು ಮಗುವಿಗೆ ಹೇಳೋದೇ. ಮಗು ನಮಗೆ ಹೇಳೋದು ಎಲ್ಲಿದೆ? ಕಥೆಗೂ ಬಾಲದ ಹಾಗೆ ಒಂದು ನೀತಿ ಬೇಕು! ಹುಬ್ಬಳ್ಳಿ ಕಡೆ ಕೂಸು 'ಒಲ್ಲೆ' ಅನ್ನುತ್ತೆ. ಅದನ್ನೇ ಪುಸ್ತಕದಲ್ಲಿ ಬರೆದರೆ ಅಶುದ್ಧವಂತೆ.

ದುಡ್ಡಿಲ್ಲ ಅನ್ನೋ ನೆಪ ಬೇಡ. 2015ರಲ್ಲಿ ಪ್ರಥಮ್ ಬುಕ್ಸ್ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆಯಬಹುದು, ನಮ್ಮೂರ ಮಾತಿಗೆ ತಿರುಗಿಸಲೂಬಹುದು. ಪಂಚಾಯ್ತಿಯವರನ್ನು ಕೇಳಿ, ಹತ್ತು ಪುಸ್ತಕ ಮುದ್ರಿಸೋಕೆ ಏನು ಅಡ್ಡಿ ಅಂತ. ಅಲ್ಲೀವರೆಗೆ ಇವತ್ತು ರಾತ್ರಿ ಮೊಬೈಲಲ್ಲೇ ಒಂದು ತೆರೆಯಿರಿ. ಮುಗಿಸೋ ಅವಸರ ಬೇಡ. ಕೂಸು ಬೆರಳಿಟ್ಟ ಚಿತ್ರದಲ್ಲೇ ನಿಲ್ಲಿ.