ಯಾವ ಕಿಂಡಲ್ ಕೊಳ್ಳಲಿ ಎಂದು ಕೇಳುವವರಿಗೆ

"ಯಾವ ಕಿಂಡಲ್ ತಗೊಳ್ಳಲಿ?" ಎಂದು ಕೇಳುವವರು ಅರ್ಧ ತೀರ್ಮಾನವನ್ನು ಆಗಲೇ ಮಾಡಿ ಮುಗಿಸಿರುತ್ತಾರೆ. ನೆರಳಚ್ಚಿಗೆ ಝೆರಾಕ್ಸ್ ಎಂಬ ಹೆಸರೇ ನಿಂತ ಹಾಗೆ ಇ-ರೀಡರಿಗೆ ಕಿಂಡಲ್ ಎಂಬ ಹೆಸರು ನಿಂತುಬಿಟ್ಟಿದೆ. ಉಳಿದ ಅರ್ಧವನ್ನು ತೀರ್ಮಾನಿಸಲು ಜನ ವಿಮರ್ಶೆಗಳನ್ನು ನೋಡುತ್ತಾರೆ: ಪರದೆ 6 ಇಂಚೋ 7 ಇಂಚೋ, ಇಂಚಿಗೆ 300 ಚುಕ್ಕಿಗಳಿವೆಯೋ, ನೀರು ಬಿದ್ದರೆ ತಡೆಯುತ್ತದೆಯೋ, ಬ್ಯಾಟರಿ ಎಷ್ಟು ವಾರ ಬರುತ್ತದೆ. ನಾನು ನೋಡಿದ ವಿಮರ್ಶೆಗಳಲ್ಲಿ ಒಂದು ಪ್ರಶ್ನೆ ಮಾತ್ರ ಬರುವುದೇ ಇಲ್ಲ. ಇದರಲ್ಲಿ ಕನ್ನಡ ಓದಬಹುದೇ? ಅಚ್ಚ ಕನ್ನಡದಲ್ಲಿ ಮಾತಾಡುತ್ತಲೇ ವೀಡಿಯೊ ಮಾಡುವವರು ಕೂಡ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು, ಒಂದು ಇಂಗ್ಲಿಷ್ ಸ್ವ-ಸಹಾಯ ಪುಸ್ತಕ ತೆರೆದು, ಪುಟ ತಿರುಗಿಸಿ, 'ಸೂಪರ್' ಎಂದು ಮುಗಿಸುತ್ತಾರೆ.

ನನ್ನ ವಾದ ಇಷ್ಟೇ. ಕನ್ನಡ ಓದುವವರಿಗೆ ಇ-ರೀಡರ್ ಆರಿಸುವಾಗ ಈ ಪ್ರಶ್ನೆಯೇ ಮೊದಲನೆಯದು. ಎರಡನೆಯದು, ದುಡ್ಡು ಕೊಟ್ಟ ಪುಸ್ತಕ ನನ್ನದಾಗಿ ಉಳಿಯುತ್ತದೆಯೇ ಎಂಬುದು. ಚುಕ್ಕಿ, ಬೆಳಕು, ಬ್ಯಾಟರಿ ಎಲ್ಲ ಆಮೇಲೆ. ಈ ಎರಡು ಪ್ರಶ್ನೆ ಹಾಕಿದ ಕೂಡಲೇ ಎಲ್ಲರೂ ಕಣ್ಣುಮುಚ್ಚಿ ಕೊಳ್ಳುವ ಯಂತ್ರ ಪಟ್ಟಿಯ ಮೇಲಿನಿಂದ ಕೆಳಗಿಳಿಯುತ್ತದೆ.

ಮೊದಲು ಚರಿತ್ರೆಯ ಒಂದು ತುಣುಕು. ಕಿಂಡಲ್ ಅಮೆರಿಕದಲ್ಲಿ ಬಂದದ್ದು 2007ರಲ್ಲಿ, ಭಾರತದ ಅಂಗಡಿ ತೆರೆದದ್ದು 2012ರಲ್ಲಿ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದೇ. ಕನ್ನಡ ಇರಲಿಲ್ಲ. ಓದುವವರು ಕಡಿಮೆ ಎಂಬ ಹಳೆಯ ಸಬೂಬು ಇಲ್ಲಿ ನಡೆಯದು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ, ಮಲಯಾಳಂನವರು 3.48 ಕೋಟಿ. 8 ಕೋಟಿ ದಾಟಿದ ತೆಲುಗೂ 9 ಕೋಟಿ ದಾಟಿದ ಬಂಗಾಳಿಯೂ ಆ ಐದರಲ್ಲಿ ಇರಲಿಲ್ಲ ಎಂಬುದನ್ನು ನೋಡಿದರೆ ತಲೆ ಎಣಿಸಿ ಮಾಡಿದ ಪಟ್ಟಿ ಅದಲ್ಲ ಎಂದು ತಿಳಿಯುತ್ತದೆ. ಲೇಖಕರು ತಾವೇ ಪುಸ್ತಕ ಹಾಕುವ ಕೆಡಿಪಿಯಲ್ಲೂ ಅದೇ ಐದು ಭಾಷೆಗಳು ವರ್ಷಗಟ್ಟಲೆ ಕೂತವು. ಪರಿಣಾಮ ಸಣ್ಣದಲ್ಲ. ತಮಿಳಿನ ಹೊಸ ಲೇಖಕ ಅಚ್ಚುಮನೆಯ ಬಾಗಿಲು ಬಡಿಯದೆ ಪುಸ್ತಕ ಹೊರತಂದ, 'ಪೆನ್ ಟು ಪಬ್ಲಿಷ್' ಸ್ಪರ್ಧೆಗೆ ಕಳಿಸಿದ. ಅವನ ಓರಗೆಯ ಕನ್ನಡದ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದು ಲೈಕು ಎಣಿಸಿದಳು.

ಇನ್ನು ತಾಂತ್ರಿಕ ಸಂಗತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ 'ಫಾಂಟ್ ಹಾಕಿಕೊಂಡರೆ ಆಯ್ತಲ್ಲ' ಎಂದು ತಳ್ಳಿಹಾಕುವವರೇ ಹೆಚ್ಚು. 'ಸ್ತ್ರೀ' ಎಂದು ಬರೆದರೆ ನಮ್ಮ ಕಣ್ಣಿಗೆ ಅದು ಒಂದಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತಗಳ ಸಾಲು: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ಈ ಆರನ್ನು ಕೂಡಿಸಿ, ಒತ್ತುಗಳನ್ನು ಕೆಳಗಿಳಿಸಿ, ಗುಡಿಸನ್ನು ಸರಿಯಾದ ಜಾಗಕ್ಕೆ ಕೂರಿಸುವ ಕೆಲಸವನ್ನು ಯಂತ್ರದೊಳಗಿನ ತಂತ್ರಾಂಶ ಮಾಡಬೇಕು. ಫಾಂಟ್ ಬರೀ ಅಚ್ಚಿನ ಮೊಳೆ, ಜೋಡಿಸುವವನು ಬೇರೆ. ಜೋಡಿಸುವವನಿಗೆ ಕನ್ನಡ ಬಾರದಿದ್ದರೆ ಒತ್ತಕ್ಷರಗಳು ಸಾಲಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ, 'ಸೂರ್ಯ'ದ ಅರ್ಕಾವತ್ತು ದಾರಿ ತಪ್ಪುತ್ತದೆ. ಸಾಲುಗಳ ನಡುವಣ ಅಂತರದ ತೊಂದರೆ ಬೇರೆ ಇದೆ. ಇಂಗ್ಲಿಷಿನ ಅಳತೆಗೆ ಮಾಡಿದ ಸಾಲುಗಳಲ್ಲಿ ನಮ್ಮ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಗುದ್ದುತ್ತವೆ.

'ಹಾಗಾದರೆ ಪಿಡಿಎಫ್ ಓದಿ' ಎನ್ನುತ್ತಾರೆ. ಹೌದು, ಪಿಡಿಎಫ್‌ನಲ್ಲಿ ಅಕ್ಷರ ಕೆಡುವುದಿಲ್ಲ. ಅದು ಪುಟದ ಚಿತ್ರವಿದ್ದ ಹಾಗೆ, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ತೊಂದರೆಯೂ ಅದೇ. ಎ4 ಅಳತೆಯ ಪುಟವನ್ನು 6 ಇಂಚಿನ ಪರದೆಗೆ ಇಳಿಸಿದರೆ ಅಕ್ಷರ ಸಾಸಿವೆಯಾಗುತ್ತದೆ. ಹಿಗ್ಗಿಸಿದರೆ ಸಾಲಿನ ಎಡತುದಿಯಿಂದ ಬಲತುದಿಗೆ ಬೆರಳಿನಲ್ಲಿ ಎಳೆಯುತ್ತಾ ಇರಬೇಕು. ಇ-ಇಂಕ್ ಪರದೆ ಪುಟ ತಿರುಗಿಸಲೆಂದು ಆದದ್ದು, ಎಳೆದಾಡಲಿಕ್ಕಲ್ಲ. ಸೂಕ್ಷ್ಮ ಕೋಶಗಳೊಳಗಿನ ಕಪ್ಪು ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುವ ಬಗೆ ಅದು, ತುಸು ನಿಧಾನ. ಶೋಧಗಂಗಾದಿಂದ ಇಳಿಸಿಕೊಂಡ ಮಹಾಪ್ರಬಂಧಗಳನ್ನು ಓದುವ ನನ್ನಂಥವರಿಗೆ 10 ಇಂಚಿನ ಪರದೆಯ ಕಡಿಮೆಗೆ ಏನೂ ಸಾಲದು. ಅದರ ಬೆಲೆ ಕೇಳಿದ ಮೇಲೆ ಗ್ರಂಥಾಲಯದ ಮರದ ಕುರ್ಚಿಯೇ ಹಿತವೆನಿಸುತ್ತದೆ.

ಉಡುಗೊರೆಯ ಮಾತಿಗೆ ಬಂದರಂತೂ ಇದು ಬರೀ ಅನುಕೂಲ ಅನನುಕೂಲದ ಲೆಕ್ಕವಾಗಿ ಉಳಿಯುವುದಿಲ್ಲ. ಇ-ರೀಡರಿನಿಂದ ನಿಜವಾಗಿ ಬದುಕು ಬದಲಾಗಬೇಕಾದವರು ಯಾರು? ಇಪ್ಪತ್ತರ ಹುಡುಗರಲ್ಲ. ಪೊರೆ ಬಂದ ಕಣ್ಣಿನ ಅಪ್ಪ, ಸಣ್ಣಕ್ಷರ ಕಾಣದೆ ವಾರಪತ್ರಿಕೆ ಓದುವುದನ್ನೇ ಬಿಟ್ಟ ದೊಡ್ಡಮ್ಮ, ಸಂಧಿವಾತದ ಬೆರಳಿನಲ್ಲಿ ಆರುನೂರು ಪುಟದ ಕಾದಂಬರಿ ಹಿಡಿಯಲಾರದ ನಿವೃತ್ತ ಮೇಷ್ಟ್ರು. ಅಕ್ಷರ ದೊಡ್ಡದು ಮಾಡಬಹುದು, ಕಣ್ಣಿಗೆ ಕುಕ್ಕದು, ಹಗುರ. ಇದೇ ಈ ಯಂತ್ರದ ಒಂದೇ ಒಂದು ದೊಡ್ಡ ಗುಣ, ಉಳಿದದ್ದೆಲ್ಲ ಒಗ್ಗರಣೆ. ಆ ದೊಡ್ಡಮ್ಮ ಓದುವುದು ತ್ರಿವೇಣಿಯನ್ನು, ಎಂ. ಕೆ. ಇಂದಿರಾ ಅವರನ್ನು. ಅಮೆರಿಕದಿಂದ ರಜೆಗೆ ಬಂದ ಮಗ ಪೇಪರ್‌ವೈಟ್ ತಂದುಕೊಡುತ್ತಾನೆ. ಅದರ ಅಂಗಡಿಯಲ್ಲಿ ಅವಳ ಲೇಖಕಿಯರಿಲ್ಲ. ಎಲ್ಲಿಂದಲೋ ಸಿಕ್ಕಿದ ಸ್ಕ್ಯಾನ್ ಪಿಡಿಎಫ್‌ನ ಅಕ್ಷರ ದೊಡ್ಡದಾಗುವುದಿಲ್ಲ. ಯಾರಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅವರಿಗೇ ಇದು ಎಲ್ಲರಿಗಿಂತ ಕಡಿಮೆ ಕೊಡುತ್ತದೆ. ಎರಡು ತಿಂಗಳಿಗೆ ಅದು ಬೀರುವಿನಲ್ಲಿ, ಬೆಳ್ಳಿ ಕುಂಕುಮ ಭರಣಿಯ ಪಕ್ಕ.

ಹದಿನಾರರ ಮಗಳಿಗೆ ಕೊಟ್ಟರೆ ಇನ್ನೊಂದು ಬಗೆ. ಅವಳು ಓದುತ್ತಾಳೆ, ಚೆನ್ನಾಗಿಯೇ ಓದುತ್ತಾಳೆ, ಇಂಗ್ಲಿಷಿನಲ್ಲಿ ಮಾತ್ರ. ಅವಳ ಓದಿನ ಸುಖವೆಲ್ಲ ಒಂದು ಯಂತ್ರದೊಳಗೆ, ಆ ಯಂತ್ರದೊಳಗೆ ಕನ್ನಡ ಇಲ್ಲ. 'ನನ್ನ ಮಗಳು ಕನ್ನಡ ಪುಸ್ತಕ ಮುಟ್ಟುವುದಿಲ್ಲ' ಎಂದು ಆಮೇಲೆ ಸಾಹಿತ್ಯ ಸಮ್ಮೇಳನದ ಗೋಷ್ಠಿಯಲ್ಲಿ ಕಣ್ಣೀರು ಹಾಕುವವರೂ ಆ ಉಡುಗೊರೆ ಕೊಟ್ಟವರೇ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬುದು ಪಡೆಯುವವರಿಗೆ ಹೇಳಿದ ಮಾತು. ಕೊಡುವವರಾದರೂ ಎಣಿಸಲೇಬೇಕು.

ಎರಡನೆಯ ಪ್ರಶ್ನೆ: ಪುಸ್ತಕ ಯಾರದು? 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಪ್ರತಿಗಳನ್ನು ಕೊಂಡವರ ಯಂತ್ರದಿಂದಲೇ ಅಳಿಸಿತು. ಹಣ ವಾಪಸಾಯಿತು, ಜೆಫ್ ಬೆಜೋಸ್ ಕ್ಷಮೆ ಕೇಳಿದರು. ಆದರೂ ಕೈ ಎಲ್ಲಿಯವರೆಗೆ ಚಾಚಬಲ್ಲದು ಎಂದು ಲೋಕ ನೋಡಿಯಾಗಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಹೋದವು, ಅಲ್ಲೂ ಹಣ ಮರಳಿತು. 2025ರ ಫೆಬ್ರುವರಿ 26ರಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ಸಾಗಿಸುವ ದಾರಿಯೂ ಮುಚ್ಚಿತು. ನೀವು ಕೊಳ್ಳುತ್ತಿರುವುದು ಪುಸ್ತಕವನ್ನಲ್ಲ, ಪರವಾನಗಿಯನ್ನು ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಬೇಕಾಯಿತು. ಸಪ್ನಾದಲ್ಲಿ ಕೊಂಡ ಪುಸ್ತಕವನ್ನು ಓದಿ ತಂಗಿಗೆ ಕೊಡಬಹುದು, ಅವಿನ್ಯೂ ರಸ್ತೆಯಲ್ಲಿ ಮಾರಬಹುದು, ಊರಿನ ಗ್ರಂಥಾಲಯಕ್ಕೆ ಕೊಡಬಹುದು. ಪರವಾನಗಿಯಲ್ಲಿ ಇದೊಂದೂ ಇಲ್ಲ.

ಆಯ್ಕೆಗಳೇನು ಹಾಗಾದರೆ? ಕೆನಡಾದ ಕೋಬೊ ಇದೆ, ಈಗ ಜಪಾನಿನ ರಕುಟೆನ್ ಒಡೆತನದಲ್ಲಿ. ಅದು ಇಪಬ್ ಎಂಬ ಮುಕ್ತ ಮಾದರಿಯನ್ನು ನೇರವಾಗಿ ತೆರೆಯುತ್ತದೆ. ನಿಮ್ಮದೇ ಕನ್ನಡ ಫಾಂಟನ್ನು ಒಂದು ಫೋಲ್ಡರಿನಲ್ಲಿ ಹಾಕಿಕೊಳ್ಳಬಹುದು. ಕೆಲವು ಹೊಸ ಮಾದರಿಗಳಿಗೆ ಬಿಡಿಭಾಗ, ರಿಪೇರಿಯ ಕೈಪಿಡಿ ಸಿಗುವಂತೆ ಐಫಿಕ್ಸಿಟ್ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಕೋರೀಡರ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಕೋಬೊದಲ್ಲಿ ಬೀಗ ಮುರಿಯದೆ ಹಾಕಬಹುದು. ಅದು ಅಕ್ಷರ ಜೋಡಿಸಲು ಹಾರ್ಫ್‌ಬಝ್ ಬಳಸುತ್ತದೆ, ಹಾಗಾಗಿ ನಮ್ಮ ಒತ್ತುಗಳು ಒತ್ತುಗಳಾಗಿಯೇ ಬರುತ್ತವೆ. ಇನ್ನೊಂದು ಚೀನಾದ ಆನಿಕ್ಸ್ ಬೂಕ್ಸ್. ಇದು ಆಂಡ್ರಾಯ್ಡ್ ಮೇಲೆ ನಡೆಯುವ ಇ-ಇಂಕ್ ಯಂತ್ರವಾದ್ದರಿಂದ ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕಗಳ ಆ್ಯಪನ್ನೇ ಹಾಕಿಕೊಳ್ಳಬಹುದು. ಕಿಂಡಲ್‌ನಲ್ಲಿ ಅದು ಆಗದು. ಬ್ಯಾಟರಿ ಬೇಗ ಇಳಿಯುತ್ತದೆ, ಮೆನುಗಳು ಗೋಜಲು, ದೊಡ್ಡಮ್ಮನಿಗೆ ಕೊಡುವುದಾದರೆ ಒಂದು ಭಾನುವಾರ ಪೂರ್ತಿ ಪಕ್ಕದಲ್ಲಿ ಕೂತು ಕಲಿಸಬೇಕು. ಕೂರಿ.

ಕಿಂಡಲ್ ಕೆಟ್ಟ ಯಂತ್ರ ಎಂದು ನಾನು ಹೇಳುತ್ತಿಲ್ಲ. ಓದೆಲ್ಲ ಇಂಗ್ಲಿಷಿನಲ್ಲೇ ಇರುವವರಿಗೆ ಅದರಷ್ಟು ಸರಾಗವಾದದ್ದು ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಕೋಬೊ ತರಿಸಲು ಯಾರನ್ನಾದರೂ ಕಾಡಬೇಕು, ಕೆಟ್ಟರೆ ವಾರಂಟಿ ಊರಾಚೆ. ಆದರೆ 2025ರ ಏಪ್ರಿಲಿನಲ್ಲಿ ಭಾರತಕ್ಕೆ ಬಂದ ಪೇಪರ್‌ವೈಟ್‌ಗೆ ₹16,999 ಇಟ್ಟಿದ್ದರು. ಅಷ್ಟು ದುಡ್ಡು ಕೊಟ್ಟು ನನ್ನ ಭಾಷೆ ಅರ್ಧಂಬರ್ಧ ಬಲ್ಲ ಯಂತ್ರ ತರುವುದಕ್ಕಿಂತ, ನೂರಾರು ರೂಪಾಯಿಗೆ ಒಂದರಂತೆ ಒಂದು ಕಪಾಟಿನ ತುಂಬ ಕನ್ನಡ ಪುಸ್ತಕ ತಂದುಕೊಡುವುದು ಒಳ್ಳೆಯ ಉಡುಗೊರೆ.

ಇಲ್ಲಿಗೆ ಬರುವ ಹೊತ್ತಿಗೆ 'ಪುಸ್ತಕದ ವಾಸನೆ'ಯ ಬಳಗ ಚಪ್ಪಾಳೆ ತಟ್ಟಲು ಸಿದ್ಧವಾಗಿರುತ್ತದೆ. ದಯವಿಟ್ಟು ಬೇಡ. ಹೊಸ ಕಾಗದದ ಘಮ, ಪುಟದ ಸರಸರ ಎಂದು ಹಾಡುವವರಿಗೆ ಸಾಮಾನ್ಯವಾಗಿ ಕಣ್ಣು ಚೆನ್ನಾಗಿರುತ್ತದೆ, ಮನೆಯಲ್ಲಿ ಗೋಡೆಗಳಿರುತ್ತವೆ, ಹತ್ತಿರದಲ್ಲಿ ಪುಸ್ತಕದಂಗಡಿ ಇರುತ್ತದೆ. ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಟ್ರಂಕು ಹೊರುವವರಿಗೆ, ಟೊರಾಂಟೊದಲ್ಲೋ ದುಬೈಯಲ್ಲೋ ಒಂದು ಕನ್ನಡ ಕಾದಂಬರಿಗೆ ಅದರ ಬೆಲೆಗಿಂತ ಹೆಚ್ಚು ಅಂಚೆ ಖರ್ಚು ಕೊಡುವವರಿಗೆ ಆ ಘಮದಿಂದ ಏನೂ ಆಗಬೇಕಾದ್ದಿಲ್ಲ.

ಕಂಪನಿಯನ್ನು ಬೈದದ್ದು ಸಾಕು, ಅದು ವ್ಯಾಪಾರ ಮಾಡುತ್ತಿದೆ. ನನ್ನ ಸಿಟ್ಟು ಹೆಚ್ಚಿರುವುದು ನಮ್ಮವರ ಮೇಲೆ. ಒಂದು ಕನ್ನಡ ಪುಸ್ತಕ ಅಚ್ಚಿಗೆ ಹೋಗುವಾಗ ಡಿಟಿಪಿ ಮಾಡಿದವರ ಕಂಪ್ಯೂಟರಿನಲ್ಲಿ ಅದರ ಕಡತ ಇರುತ್ತದೆ. ಎಷ್ಟೋ ಬಾರಿ ಅದು ನುಡಿಯ ಹಳೆಯ ಫಾಂಟಿನಲ್ಲೋ ಶ್ರೀಲಿಪಿಯಲ್ಲೋ ಇರುತ್ತದೆ, ಯುನಿಕೋಡಿನಲ್ಲಲ್ಲ. ಬೇರೆಡೆ ತೆರೆದರೆ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಅದನ್ನು ಪರಿವರ್ತಿಸುವ ಸಾಧನಗಳು ಬಹುಕಾಲದಿಂದ ಇವೆ. ಪರಿವರ್ತಿಸಿ, ಒಮ್ಮೆ ಕರಡು ತಿದ್ದಿ, ಇಪಬ್ ಮಾಡಿ ಮಾರುವುದಕ್ಕೆ ಏನಡ್ಡಿ ಎಂದರೆ 'ಕದಿಯುತ್ತಾರೆ' ಎನ್ನುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಕನ್ನಡ ಪಿಡಿಎಫ್‌ಗಳನ್ನು ಒಮ್ಮೆ ತೆರೆದು ನೋಡಿ. ನನಗೆ ಕಂಡವುಗಳಲ್ಲಿ ಬಹುಪಾಲು ಅಚ್ಚಾದ ಪುಸ್ತಕದ ಸ್ಕ್ಯಾನು, ಪುಟದ ಮೂಲೆಯಲ್ಲಿ ಹಿಡಿದವರ ಹೆಬ್ಬೆರಳೂ ಕಾಣುತ್ತದೆ. ಕಳ್ಳತನ ಕಾಗದದಿಂದಲೇ ಆಗುತ್ತಿದೆ. ಇ-ಪುಸ್ತಕಕ್ಕೆ ಹಾಕುವ ಬೀಗ ಕದಿಯದೆ ಕೊಂಡವನಿಗೆ ಮಾತ್ರ ಬೀಳುತ್ತದೆ. ಕನ್ನಡದ ಆ್ಯಪುಗಳಿಗೂ ಇದೇ ಮಾತು. ಅವರು ಮಾಡಿದ ಕೆಲಸ ದೊಡ್ಡದು, ಅವರಿಲ್ಲದಿದ್ದರೆ ಕನ್ನಡ ಇ-ಪುಸ್ತಕದ ಮಾತೇ ಇರುತ್ತಿರಲಿಲ್ಲ. ಆದರೆ ಒಂದು ಆ್ಯಪಿನೊಳಗೆ ಮಾತ್ರ ತೆರೆಯುವ ಪುಸ್ತಕ ಆ ಆ್ಯಪಿನ ಆಯುಷ್ಯದಷ್ಟೇ ಬದುಕುತ್ತದೆ.

ದುಡ್ಡಿನ ಹಂಗಿಲ್ಲದ ಕಡೆಯಾದರೂ ಕೆಲಸ ಆಗಬಹುದಿತ್ತು. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಎಂ. ಎಸ್. ಪುಟ್ಟಣ್ಣ (1930), ಪಂಜೆ ಮಂಗೇಶರಾಯರು (1937), ಗಳಗನಾಥರು (1942), ಬಿಎಂಶ್ರೀ ಮತ್ತು ಕೈಲಾಸಂ (1946) ಇವರೆಲ್ಲ ಎಂದೋ ನಮ್ಮೆಲ್ಲರ ಸ್ವತ್ತಾಗಿದ್ದಾರೆ. ಹಳೆಯ ಪುಸ್ತಕಗಳ ಸ್ಕ್ಯಾನುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಧಾರಾಳವಾಗಿವೆ, ಹುಡುಕಲು 'ಪುಸ್ತಕ ಸಂಚಯ'ವಿದೆ. ಇವೆಲ್ಲ ಬಹುಮಟ್ಟಿಗೆ ಸ್ವಯಂಸೇವಕರ ಬೆವರು. ಕನ್ನಡ ವಿಕಿಸೋರ್ಸ್‌ನಲ್ಲಿ ಗದುಗಿನ ಭಾರತ ಯುನಿಕೋಡಿನಲ್ಲೇ ಇದೆ, ಇಪಬ್ ಆಗಿ ಇಳಿಸಿಕೊಳ್ಳುವ ಗುಂಡಿಯೂ ಇದೆ. ಸ್ಕ್ಯಾನನ್ನು ಪಠ್ಯವಾಗಿಸಿ, ತಿದ್ದಿ, ಇಪಬ್ ಮಾಡಿ ಇಡುವುದು ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಅಸಾಧ್ಯವೇನಲ್ಲ. ಎಂ.ಎ. ವಿದ್ಯಾರ್ಥಿಗಳಿಂದ ವರ್ಷ ವರ್ಷ ಬರೆಸಿ ಕಪಾಟಿನಲ್ಲಿ ಕೊಳೆಸುವ ಕಿರುಪ್ರಬಂಧಗಳ ಬದಲು ಒಬ್ಬೊಬ್ಬರಿಂದ ಒಂದೊಂದು ಪುಸ್ತಕದ ಕರಡು ತಿದ್ದಿಸಿದರೆ ಗ್ರಂಥಸಂಪಾದನೆಯ ಪಾಠವೂ ಆಗುತ್ತದೆ.

ಇಷ್ಟಾಗಿಯೂ ಇ-ರೀಡರ್ ಕೊಳ್ಳಲು ಹೊರಟಿದ್ದರೆ, ಕೊಳ್ಳುವ ಮೊದಲು ಆ ಯಂತ್ರ ಇರುವ ಯಾರನ್ನಾದರೂ ಹಿಡಿಯಿರಿ. ವಿಕಿಸೋರ್ಸ್‌ನಿಂದ ಒಂದು ಕನ್ನಡ ಇಪಬ್ ಇಳಿಸಿ ಅದರಲ್ಲಿ ಹಾಕಿಸಿ. ಅಕ್ಷರವನ್ನು ದೊಡ್ಡದು ಮಾಡಿ, ಒತ್ತುಗಳು ತುಂಬಿರುವ ಒಂದು ಪುಟ ತೆರೆಯಿರಿ, ದೊಡ್ಡಮ್ಮನ ಕೈಗೆ ಕೊಡಿ. ಜೋರಾಗಿ ಓದಲು ಹೇಳಿ. ಎಲ್ಲಿ ತಡವರಿಸುತ್ತಾರೆ ನೋಡಿ, ಆಮೇಲೆ ದುಡ್ಡು ಕೊಡುವ ಮಾತು.